ಪಾರಿಸ ಮಾಸ್ತರರ ನಳಿಗೆ

ಪಾರಿಸ ಮಾಸ್ತರರ ಉಪರಣೆಗೆ ಬೆಂಕಿ ಹತ್ತಿದ್ದು ನಮ್ಮ ಮನೆಯ ಗಣಪತಿಯ ಆರತಿಯಲ್ಲಿ. ಆರತಿಯ ತಟ್ಟೆ ಒಬ್ಬರಿಂದೊಬ್ಬರಿಗೆ ಬರುತ್ತ, ಎಲ್ಲರೂ ಅಂಗೈಯನ್ನು ಜ್ವಾಲೆಯ ಮೇಲೆ ಸುಳಿಸಿ ಕಣ್ಣಿಗೊತ್ತಿಕೊಳ್ಳುತ್ತಿರುವಾಗ, ಹೊಸ್ತಿಲ ಬಳಿ ನಿಂತಿದ್ದ ಮಾಸ್ತರರು ಮಾತ್ರ ತಮ್ಮ ಕರಿಯ ಕೋಟಿನ ಒಳಜೇಬಿನಿಂದ ಗೇಣುದ್ದದ ಹಿತ್ತಾಳೆಯ ನಳಿಗೆಯೊಂದನ್ನು ಹೊರತೆಗೆದು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ನಳಿಗೆಗೆ ಹಚ್ಚಿ ತಮ್ಮ ಬಳಿಗೆ ಬಂದ ಆರತಿಯ ಮೇಲೆ ಬಾಗಿದರು; ಬಾಗಿದವರ ಹೆಗಲಿನಿಂದ ಉಪರಣೆಯ ಜರಿಯಂಚು ಜಾರಿ ನೇರವಾಗಿ ಕರ್ಪೂರದ ಮೇಲೆ ಬಿತ್ತು. ಹೆಂಗಸರು ಹಿಂದೆ ಸರಿದರು. ನಮ್ಮಪ್ಪ ಬಿಂದುಮಾಧವರಾಯರು ತೀರ್ಥದ ತಂಬಿಗೆಗೆ ಕೈಹಾಕಿದರು. ಮಾಸ್ತರರು ಉರಿಯುವ ಅಂಚನ್ನು ಎಡಗೈಯಲ್ಲಿ ದೂರ ಹಿಡಿದು, ಬಲಗೈಯ ನಳಿಗೆಯನ್ನು ಅದರತ್ತ ತಿರುಗಿಸಿ, "ಆರಸಬ್ಯಾಡ್ರಿ ಬಿಂದೂರಾವ, ಒಂದ ಗಳಿಗಿ," ಅಂದರು. "ಅಂಗಡಿಯಾಂವ ಜರಿ ಅಚ್ಚ ಬೆಳ್ಳೀದು ಅಂದಿದ್ದ. ಹಸರ ಗೆರಿ ಬರಾಕ ಹತ್ತ್ಯಾವು. ತಾಂಬ್ರ ಐತಿ."

ಆಮೇಲೆ ತೀರ್ಥ ಬಿತ್ತು, ಬೆಂಕಿ ಆರಿತು, ಸುಟ್ಟ ನೂಲಿನ ಕಮಟು ಕರ್ಪೂರದ ಪರಿಮಳವನ್ನು ನುಂಗಿತು. ಮಾಸ್ತರರು ಒದ್ದೆ ಉಪರಣೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಮಾನ ಹೋದದ್ದು ತಮ್ಮದೋ ಅಂಗಡಿಯವನದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂಬಂತೆ ಪ್ರಸಾದಕ್ಕೆ ಕೈಯೊಡ್ಡಿದರು. "ಕಂಡಷ್ಟು ಹೇಳಿದೆ," ಎಂದರು.

'ಕಂಡಷ್ಟು ಹೇಳಿದೆ' ಎಂಬುದು ಅವರ ಮಾತಿನ ಪೂರ್ಣವಿರಾಮ. ಪೂರ್ಣ ಹೆಸರು ಪಾರಿಸನಾಥ ಚೌಗುಲೆ. ಕನ್ನಡ ಮಾತಾಡುವ ಜೈನರ ಮನೆತನ, ಮೂಲ ಬೇಡಗದ ಹೊಲಗಳ ಕಡೆಯದು. ಮುಂಬಯಿಗೆ ಹೋಗಿ ರಸಾಯನಶಾಸ್ತ್ರ ಓದಿ, ಅಲ್ಲೊಬ್ಬ ಸಾಹೇಬನ ಪ್ರಯೋಗಶಾಲೆಯಲ್ಲಿ ಕೆಲಕಾಲ ದುಡಿದು, ಸಾಹೇಬ ತನ್ನ ದೇಶಕ್ಕೆ ಮರಳುವಾಗ ಕೊಟ್ಟ ಆ ನಳಿಗೆಯನ್ನು ಕೋಟಿನಲ್ಲಿ ಹೊತ್ತು ಸಾಂಗ್ಲಿಗೆ ಬಂದು ಶಾಲೆಯಲ್ಲಿ ವಿಜ್ಞಾನದ ಮಾಸ್ತರರಾದವರು. ಅದರ ನಿಜನಾಮ ಸ್ಪೆಕ್ಟ್ರೋಸ್ಕೋಪು. ರಾಜರ ಕಾಲದ ನಮ್ಮೂರಿನ ನಾಲಿಗೆ ಅಷ್ಟು ದೂರ ಹೊರಳಲಾರದೆ ಅದನ್ನು ನಳಿಗೆ ಎಂದು ಕರೆದು ಕೈತೊಳೆದುಕೊಂಡಿತ್ತು. ಒಂದು ತುದಿಯಲ್ಲಿ ಕೂದಲೆಳೆಯಂಥ ಸೀಳು, ಒಳಗೆ ಗಾಜಿನ ಪಟ್ಟಕ, ಇನ್ನೊಂದು ತುದಿಯಲ್ಲಿ ಮಾಸ್ತರರ ಕಣ್ಣು. ಯಾವುದೇ ಪದಾರ್ಥದ ಚಿಟಿಕೆಯನ್ನು ತಂತಿಯ ತುದಿಯಲ್ಲಿ ಜ್ವಾಲೆಗೆ ಹಿಡಿದು ಆ ಬೆಳಕನ್ನು ನಳಿಗೆಯೊಳಗಿಂದ ನೋಡಿದರೆ, ಬೆಳಕು ಬಿಚ್ಚಿಕೊಂಡು ಬಣ್ಣಬಣ್ಣದ ಗೆರೆಗಳಾಗುತ್ತದೆ. ತಾಮ್ರದ ಗೆರೆ ತಾಮ್ರಕ್ಕೆ, ಸುಣ್ಣದ ಗೆರೆ ಸುಣ್ಣಕ್ಕೆ, ಒಂದರ ಗೆರೆ ಇನ್ನೊಂದಕ್ಕೆ ಬರುವುದಿಲ್ಲ. ಹಣೆಯ ಗೆರೆ ನೋಡಿ ಭವಿಷ್ಯ ಹೇಳುವವರು ನಮ್ಮಲ್ಲಿ ಗಲ್ಲಿಗೊಬ್ಬರಿದ್ದರು. ಉರಿಯ ಗೆರೆ ನೋಡಿ ಭೂತ ಹೇಳುವವರು ಇವರೊಬ್ಬರೇ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದುವಾಗ ನನಗೆ ಸಿಸ್ಟರುಗಳು ಬೆಳಕನ್ನು ದೇವರು ಮಾಡಿದನೆಂದು ಕಲಿಸಿದ್ದರು. ಅದರೊಳಗೆ ಏನೇನು ಬೆರೆಸಿದನೆಂದು ಕೇಳಿದ್ದಕ್ಕೆ ಮೂಲೆಯಲ್ಲಿ ನಿಲ್ಲಿಸಿದ್ದರು. ಆ ಮೂಲೆಯಿಂದ ನನ್ನನ್ನು ಬಿಡಿಸಿದವರು ಮಾಸ್ತರರು.

ಪಾರಿಸ, ಅಂದರೆ ಪರುಷಮಣಿ, ಮುಟ್ಟಿದರೆ ಕಬ್ಬಿಣ ಚಿನ್ನವಾಗುತ್ತದೆಂಬುದು ಲೋಕದ ನಂಬಿಕೆ. ನಮ್ಮ ಪಾರಿಸರು ಮುಟ್ಟಿದರೆ ಚಿನ್ನವೇ ಹಿತ್ತಾಳೆಯಾಗುತ್ತಿತ್ತು. ಸರಾಫರು ಅವರನ್ನು ಕಂಡರೆ ಗಲ್ಲಿ ಬದಲಿಸುತ್ತಿದ್ದರು, ಅರಿಸಿನದ ದಲಾಲರು ಅವರಿಗೆ ಮೊದಲೇ ಚಹಾ ಹೇಳುತ್ತಿದ್ದರು, ಭಸ್ಮ ಮಾರುವ ವೈದ್ಯರು ಅವರ ಆಯುಷ್ಯಕ್ಕಾಗಿ ಪ್ರಾರ್ಥಿಸುತ್ತಿದ್ದರು. ಹೆಚ್ಚಾಗಲೆಂದೋ ಕಡಿಮೆಯಾಗಲೆಂದೋ ತಿಳಿಯದು.

ಅವರನ್ನು ದೂರದಿಂದಲೇ ಗುರುತಿಸಲು ಕತ್ತೊಂದೇ ಸಾಕಿತ್ತು. ಮೇಜಿನ ಮೇಲೆ ನಿಲ್ಲಿಸಿದ ನಳಿಗೆಗೆ ವರ್ಷಗಟ್ಟಲೆ ಕಣ್ಣು ಹಚ್ಚಿ ಕೂತು ಅದು ಎಡಕ್ಕೆ ವಾಲಿ ಹಾಗೆಯೇ ನಿಂತುಬಿಟ್ಟಿತ್ತು. ಬೀದಿಯಲ್ಲಿ ನಡೆದರೆ ಎಡಬದಿಯ ಗೋಡೆಗಳು ಏನೋ ಪಿಸುಗುಡುತ್ತಿವೆ, ಇವರು ಕಿವಿಗೊಟ್ಟು ಸಾಗುತ್ತಿದ್ದಾರೆ ಎಂದು ತೋರುತ್ತಿತ್ತು. ಎಡಗಡೆಯಿಂದ ಬಂದವರಿಗೆ ಅವರ ನಮಸ್ಕಾರ ಸಿಗುತ್ತಿತ್ತು. ಬಲಗಡೆಯವರು ಸೊಕ್ಕಿನ ಮನುಷ್ಯ ಎನ್ನುತ್ತಿದ್ದರು. ಅರ್ಧ ಊರಿಗೆ ವಿನಯವಂತ, ಇನ್ನರ್ಧಕ್ಕೆ ಅಹಂಕಾರಿ. ಎಲ್ಲ ಒಂದು ಗೇಣು ಕತ್ತಿನ ಕೃಪೆ.

ಕತ್ತಿಗಿಂತ ವಿಚಿತ್ರವಾದವು ಕೈಗಳು. ಅವನ್ನು ಮೈಯಿಂದ ದೂರ ಹಿಡಿದೇ ನಡೆಯುತ್ತಿದ್ದರು, ಎರಡೂ ಬದಿ ಹಸಿ ಸುಣ್ಣ ಬಳಿದ ಗೋಡೆಗಳಿದ್ದಂತೆ. ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಮಿರಜಿನ ಸಂಗೀತದ ಬೈಠಕ್ಕುಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿ ಕೇಳಿ, ಎಲ್ಲರೂ ಚಪ್ಪಾಳೆ ತಟ್ಟುವಾಗ ಇವರೊಬ್ಬರೇ ಅಂಗೈಗಳನ್ನು ಮೊಣಕಾಲ ಮೇಲೆ ಬಿಡಿಬಿಡಿಯಾಗಿ ಇಟ್ಟುಕೊಂಡಿರುತ್ತಿದ್ದರು. ಒಮ್ಮೆ ಗಾಯಕರೊಬ್ಬರಿಗೆ ಇದು ಮನಸ್ಸಿಗೆ ಹತ್ತಿ, "ಯಾಕ್ರಿ ಮಾಸ್ತರ, ಗಾಣಾ ಬರೋಬರಿ ಆಗಲಿಲ್ಲೇನು?" ಎಂದು ಕೇಳಿದರು.

"ಗಾಣಾ ಛಲೋ ಆತ್ರಿ," ಅಂದರು ಮಾಸ್ತರರು. "ಕೈಯಾಗ ಉಪ್ಪ ಐತಿ."

ಗಾಯಕರು ಇದನ್ನು ಯಾವ ರಾಗದ ಟೀಕೆ ಎಂದು ತಿಳಿಯಬೇಕೋ ಅರಿಯದೆ ಆ ರಾತ್ರಿ ಊಟ ಬಿಟ್ಟರಂತೆ.

ಉಪ್ಪಿನ ಸಂಗತಿಯನ್ನು ಅವರು ನನಗೆ ಕಣ್ಣಾರೆ ತೋರಿಸಿದ್ದುಂಟು. ಕಿಟಕಿಗಳಿಗೆ ಕರಿಯ ಕಂಬಳಿ ಹೊದಿಸಿದ ತಮ್ಮ ಕೋಣೆಯಲ್ಲಿ ಸ್ಪಿರಿಟ್ ದೀಪ ಹಚ್ಚಿದರು. ಇದೆಯೋ ಇಲ್ಲವೋ ಎಂಬಷ್ಟು ತೆಳುವಾದ ನೀಲಿ ಜ್ವಾಲೆ. "ದೂರ ನಿಂತು ಒಂದ ಚಪ್ಪಾಳಿ ಹೊಡಿ, ಮಂದಾ," ಅಂದರು. ಹೊಡೆದೆ. ಕ್ಷಣ ತಡೆದು, ಯಾರೂ ಮುಟ್ಟದ ಆ ನೀಲಿ ಜ್ವಾಲೆಯ ನೆತ್ತಿಯಲ್ಲಿ ಹಳದಿಯ ಒಂದು ಕಿಡಿ ಹೊತ್ತಿ ಆರಿತು. ನನ್ನ ಮೈಯ ತುಣುಕೊಂದು ನನ್ನ ಅಪ್ಪಣೆಯಿಲ್ಲದೆ ಹೋಗಿ ಉರಿದು ಬಂದಂತಿತ್ತು. ಬೆವರಿನ ಉಪ್ಪು ಅದು, ಕಾಣದ ಧೂಳಾಗಿ ಹಾರಿ ಹೋಗಿ ಉರಿಯುತ್ತದೆ, ಯಾವ ಪದಾರ್ಥವನ್ನು ಸುಟ್ಟರೂ ಮೊದಲು ಅದೇ ಎದ್ದು ನಿಂತು ಉಳಿದ ಗೆರೆಗಳನ್ನು ಮುಳುಗಿಸುತ್ತದೆ ಎಂದು ವಿವರಿಸಿದರು. ಉಪ್ಪು ತಿಂದವನು ನೀರು ಕುಡಿಯಬೇಕೆಂದು ಗಾದೆ ಹೇಳುತ್ತದೆ; ಹಳದಿಯಾಗಿ ಉರಿಯಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಮಾಸ್ತರರು ಅಷ್ಟಮಿ, ಚತುರ್ದಶಿಗಳಲ್ಲಿ ಉಪ್ಪು ಬಿಟ್ಟು ಉಣ್ಣುವ ತಮ್ಮವರ ವ್ರತವನ್ನು ಕಟ್ಟುನಿಟ್ಟಾಗಿ ಹಿಡಿದು, ನಾಜೂಕಿನ ಪರೀಕ್ಷೆಗಳನ್ನೆಲ್ಲ ಆ ದಿನಗಳಿಗೇ ಇಟ್ಟುಕೊಳ್ಳುತ್ತಿದ್ದರು. ಒಂದೇ ಉಪವಾಸದಲ್ಲಿ ಆತ್ಮವೂ ತಂತಿಯೂ ಶುದ್ಧ.

ಇಷ್ಟರಲ್ಲೇ ಇದ್ದಿದ್ದರೆ ಊರು ಅವರನ್ನು ನಕ್ಕು ಬಿಡುತ್ತಿತ್ತು. ನಗು ನಿಂತದ್ದು ಅವರು ನಳಿಗೆಯನ್ನು ಹೊಳೆಗೆ ಒಯ್ಯತೊಡಗಿದಾಗ. ಸಂಜೆಗಳಲ್ಲಿ ಕೃಷ್ಣೆಯ ಆಚೆ, ಸಾಂಗ್ಲಿವಾಡಿಯ ದಂಡೆಯ ಮೇಲೆ ಒಬ್ಬರೇ ಕೂತು, ಈಚೆಯ ಘಾಟಿನಲ್ಲಿ ಉರಿಯುವ ಚಿತೆಗಳನ್ನು ನೋಡುತ್ತಿದ್ದರು. ನೀರಿನ ಮೇಲೆ ಕತ್ತಲು ಇಳಿಯುವ ಹೊತ್ತಿಗೆ ಆ ದಂಡೆಯಲ್ಲಿ ಹಿತ್ತಾಳೆಯ ಒಂದು ಚುಕ್ಕೆ ಮಿಂಚುತ್ತಿತ್ತು. ಹೆಣದ ಜೊತೆ ಬಂದವರು ಅದನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಒಂದು ಸಂಜೆ ಘಾಟಿನಲ್ಲಿ ಯಾವ ಚಿತೆಯೂ ಇರಲಿಲ್ಲ, ಮಾಸ್ತರರು ಸುಮ್ಮನೆ ಕೂತಿದ್ದರು. ಮರುದಿನ ಬೆಳಗ್ಗೆ ಬುಧಗಾಂವದಿಂದ ಹೆಣ ಬಂತು. ಅಂದಿನಿಂದ ಜಡ್ಡಿನವರ ಮನೆಗಳಲ್ಲಿ, "ಮಾಸ್ತರ ಆ ದಂಡಿಗೆ ಹೋಗ್ಯಾರೇನು ನೋಡ್ರಿ," ಎಂದು ಮೆಲ್ಲಗೆ ವಿಚಾರಿಸುವ ರೂಢಿ ಹುಟ್ಟಿತು.

ಅವರಿಗೆ ಹೆದರದವಳು ನನ್ನ ಅಜ್ಜಿ ಕೃಷ್ಣಾಬಾಯಿ ಒಬ್ಬಳೇ. ಹರೆಯದಲ್ಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಮಡಿಯಲ್ಲಿ ಮುದುಕಿಯಾದವಳು. ಮಾಸ್ತರರು ಅಪ್ಪನ ಜೊತೆ ಪಡಸಾಲೆಯಲ್ಲಿ ಕೂತಿದ್ದಾಗ ಒಳಗಿನಿಂದಲೇ ಕೂಗಿ ಕೇಳಿದ್ದಳು: "ಏ ಪಾರಿಸ, ನನ್ನ ಸುಟ್ಟಾಗ ಯಾವ ಬಣ್ಣ ಬರ್ತದೋ?"

"ಎಲ್ಲಾರದೂ ಹಳದೀನ, ಅಜ್ಜಿ."

"ಹಳದಿ ಅಂತೀ? ಸಾಂಗ್ಲಿ ಪ್ಯಾಟಿ ತುಂಬ ಅರಿಸಿನ ಅದ, ಒಬ್ಬರೂ ನನಗ ಹಚ್ಚಲಿಲ್ಲ. ಕಡೀಕೆ ನೀ ಹಚ್ಚಾಂವ ಬಂದಿ ನೋಡು."

ಅಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. ಮಾಸ್ತರರು ಕತ್ತನ್ನು ಇನ್ನಷ್ಟು ವಾಲಿಸಿ ಕೂತರು.

ಮಾಸ್ತರರಿಗೆ ಗೆಳೆಯ ಎನ್ನಬಹುದಾದವನು ಧೋಂಡಿಬಾ. ದಸರೆಯ ರಾತ್ರಿ ರಾಜವಾಡೆಯ ಮುಂದೆ ಆಕಾಶಬಾಣ ಹಾರಿಸುವ ಮದ್ದುಗಾರ. ಅವನ ಕೆಂಪು ಬಾಣವೊಡೆದರೆ ಕೃಷ್ಣೆಯ ನೀರು ಒಂದು ಗಳಿಗೆ ಕುಂಕುಮವಾಗುತ್ತಿತ್ತು. ಆ ಕೆಂಪಿನ ಮದ್ದು ಸ್ಟ್ರಾನ್ಷಿಯಂ ಎಂಬ ಲವಣ, ಮುಂಬಯಿಯಿಂದ ಬರುವಂಥದು. ಕಲಬೆರಕೆಯಿದೆಯೇ ಎಂದು ನೋಡಿಸಲು ಪ್ರತಿ ಸಲವೂ ಚಿಟಿಕೆ ಪುಡಿ ಹಿಡಿದು ಮಾಸ್ತರರ ಮನೆಗೆ ಬರುತ್ತಿದ್ದ. ಅವನ ಉಗುರು, ಮೀಸೆ, ಕೆಮ್ಮು ಎಲ್ಲಕ್ಕೂ ಮದ್ದಿನ ವಾಸನೆಯಿತ್ತು. ಅವನ ಹೆಂಡತಿ ಸಾವಂತ್ರವ್ವ, ಬೇಡಗದ ಕಡೆಯವಳು, ಕನ್ನಡದವಳು, ಮಕ್ಕಳಿರಲಿಲ್ಲ.

ಒಂದು ಶ್ರಾವಣದಲ್ಲಿ, ನಮ್ಮ ಅಜ್ಜಿ ಮುಪ್ಪಿನಿಂದಲೂ ಧೋಂಡಿಬಾ ಕೆಮ್ಮಿನಿಂದಲೂ ಒಂದೇ ದಿನ ತೀರಿಕೊಂಡರು. ಒಂದೇ ಸಂಜೆ ಒಂದೇ ಘಾಟಿನಲ್ಲಿ, ಅಂತರ ಬಿಟ್ಟು, ಎರಡು ಚಿತೆ ಉರಿದವು. ಆಚೆ ದಂಡೆಯಲ್ಲಿ ಹಿತ್ತಾಳೆಯ ಚುಕ್ಕೆ ಇರಲಿಲ್ಲ. ಗೆಳೆಯನ ಬೆಂಕಿಯನ್ನು ಮಾಸ್ತರರು ನೋಡಲು ಬಂದಿರಲಿಲ್ಲ. ಮೂರನೆಯ ದಿನ ಅಸ್ಥಿ ಆಯ್ದು ಮಣ್ಣಿನ ಗಡಿಗೆಗಳಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಘಾಟಿನ ಅರಳಿಮರಕ್ಕೆ ತೂಗುಹಾಕಿದೆವು. ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲ. ಹತ್ತನೆಯ ದಿನದ ಕರ್ಮವಾದ ಮೇಲೆ ನರಸೋಬಾವಾಡಿಗೆ ಒಯ್ದು ಸಂಗಮದಲ್ಲಿ ಬಿಡುವವರೆಗೆ ಮರವೇ ಮನೆ. ಆ ಮನೆಯಲ್ಲೂ ಅಂತಸ್ತುಗಳಿದ್ದವು: ಮೇಲಿನ ಕೊಂಬೆ ಮೇಲಿನವರಿಗೆ, ಕೆಳಗಿನದು ಉಳಿದವರಿಗೆ. ಕುಂಬಾರ ಮಾತ್ರ ಎಲ್ಲರಿಗೂ ಒಂದೇ ಥರದ ಗಡಿಗೆ ಕೊಟ್ಟಿದ್ದ.

ಹತ್ತನೆಯ ದಿನ ಪಿಂಡ ಇಟ್ಟರೆ ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದರ್ಥ. ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಅಪ್ಪನ ಜೊತೆ ನಾನೂ ಹೋಗಿದ್ದೆ. ಸ್ವಲ್ಪ ದೂರದಲ್ಲಿ ಸಾವಂತ್ರವ್ವ ತಾನೇ ಪಿಂಡ ಇಟ್ಟು ಕೂತಿದ್ದಳು. ಅರಳಿಮರದ ತುಂಬ ಕಾಗೆಗಳು. ಒಂದೂ ಕೆಳಗಿಳಿಯಲಿಲ್ಲ, ಒಂದೂ ಕೂಗಲಿಲ್ಲ. ಅಷ್ಟು ಕಾಗೆಗಳ ಮೌನವನ್ನು ನಾನು ಆಮೇಲೆಂದೂ ಕೇಳಿಲ್ಲ. ಅಪ್ಪ ಕೈಮುಗಿದು, ಅವ್ವಾ, ನಿನ್ನ ತುಳಸಿಗೆ ನಾನೇ ನೀರು ಹಾಕುತ್ತೇನೆ ಎಂದರು, ನಿನ್ನ ಮಡಿಪೆಟ್ಟಿಗೆಯನ್ನು ಮುಟ್ಟುವುದಿಲ್ಲ ಎಂದರು, ಕೊನೆಗೆ "ಈ ವರ್ಷ ಮಂದಾನ ಮದಿವಿ ಮಾಡೇ ಮಾಡ್ತೀನಿ" ಎಂದೂ ಅಂದರು. ಆಗಲೂ ಇಳಿಯದ ಆ ಕಾಗೆಗಳಿಗೆ ನಾನು ಇಂದಿಗೂ ಕೃತಜ್ಞಳು. ಅತ್ತ ಸಾವಂತ್ರವ್ವ, "ನಿನ್ನ ಮದ್ದಿನ ಒಳಕಲ್ಲು ಯಾರಿಗೂ ಕೊಡಾಂಗಿಲ್ಲ, ತಗೋ, ಇನ್ನೇನ ಬೇಕು ನಿನಗ," ಎಂದು ಗದರುತ್ತಿದ್ದಳು.

ಬಿಸಿಲು ನೆತ್ತಿಗೇರಿತು. ಆಗ ಘಾಟಿನ ಕಾವಲುಗಾರ ಅಮೋಘಸಿದ್ಧ ಅಪ್ಪನ ಮುಂದೆ ಬಂದು ನಿಂತ. ನಡುವಿನ ದಿನಗಳಲ್ಲಿ ಹೊಳೆ ಉಕ್ಕಿ ಮರದ ಬುಡಕ್ಕೆ ಬಂದಿತ್ತು. ಕೊಂಬೆ ಮುರಿದೀತೆಂದು ಹೆದರಿ ಅವನು ಎರಡೂ ಗಡಿಗೆಗಳನ್ನು ಇಳಿಸಿ ಒಂದು ಬುಟ್ಟಿಯಲ್ಲಿಟ್ಟು ತನ್ನ ಗುಡಿಸಲಿಗೆ ಒಯ್ದಿದ್ದ. ನೀರು ಇಳಿದ ಮೇಲೆ ಮತ್ತೆ ತೂಗುಹಾಕಿದ್ದ.

"ಮ್ಯಾಲಿಂದು ಮ್ಯಾಲ, ಕೆಳಗಿಂದು ಕೆಳಗ ಕಟ್ಟೇನಂತ ತಿಳದಿದ್ನಿರಿ," ಅಂದ. "ಆದ್ರ ಬುಟ್ಯಾಗ ಮ್ಯಾಲ ಕೆಳಗ ಇರಲಿಲ್ಲರಿ ಯಪ್ಪಾ. ಬಾಜೂಕ ಬಾಜೂಕ ಇದ್ದೂ."

ಕರ್ಮ ಮಾಡಿಸುತ್ತಿದ್ದ ನಮ್ಮ ಭಟ್ಟರ ಮುಖ ಬೂದಿಯಾಯಿತು. ಎರಡನ್ನೂ ಕೂಡಿಯೇ ಬಿಟ್ಟುಬಿಡೋಣವೆಂದು ಅಪ್ಪ ಮೆಲ್ಲಗೆ ಅಂದದ್ದಕ್ಕೆ, "ವರ್ಣಸಂಕರ ಆಗ್ತದ ರಾಯರ," ಎಂದು ಕಿವಿ ಮುಚ್ಚಿಕೊಂಡರು. ಬೇಕಾದರೆ ದರ್ಭೆಯ ಗೊಂಬೆ ಮಾಡಿ ಅದನ್ನೇ ಕೃಷ್ಣಾಬಾಯಿ ಎಂದು ಸುಟ್ಟು ಹೊಸ ಅಸ್ಥಿ ಮಾಡಿಕೊಳ್ಳಬಹುದು, ಶಾಸ್ತ್ರದಲ್ಲಿ ದಾರಿಯಿದೆ ಎಂದರು. ಮೇಲಿನ ಕೊಂಬೆಯವರಿಗೆ ದಾರಿಯಿತ್ತು. ಸಾವಂತ್ರವ್ವ ಎದ್ದು ನಮ್ಮ ಕಡೆ ಬಂದಳು.

"ನನಗ ಗೊಂಬಿ ಬ್ಯಾಡ್ರಿ. ನಾ ಉಡ್ಯಾಗ ಇಟ್ಕೊಂಡು ನರಸೋಬಾವಾಡಿಗೆ ಹೋಗೂದು ನನ್ನ ಗಂಡನ್ನ ಆಗಬೇಕು. ನಿಮ್ಮ ಅವ್ವಾರ್ನ ಕರ್ಕೊಂಡ ಹೋದ್ರ ದಾರಿಯಾಗ ಏನಂತ ಮಾತಾಡ್ಲಿ?" ಎಂದಳು. ಆಮೇಲೆ, ತನಗೇ ಹೇಳಿಕೊಂಡಂತೆ: "ಮಾಸ್ತರ ಕಡೆ ಹೋಗೂಣು. ಅವರು ಬಣ್ಣ ನೋಡಿ ಹೆಸರ ಹೇಳ್ತಾರ. ನಮ್ಮವರ ಬಣ್ಣ ಅವರಿಗೆ ಗೊತ್ತೈತಿ."

ವರ್ಣದ ತಕರಾರು ಹೀಗೆ ವರ್ಣವನ್ನೇ ಓದುವವರ ಬಳಿ ಹೋಯಿತು. ಅಂದು ಚತುರ್ದಶಿ, ಮಾಸ್ತರರು ಉಪ್ಪಿಲ್ಲದ ಅನ್ನ ಉಂಡು ಜಗುಲಿಯಲ್ಲಿ ಕೂತಿದ್ದರು. ಎರಡು ಗಡಿಗೆಗಳನ್ನೂ ನೋಡಿದರು.

"ಬೂದಿ ತಾನಾಗೇ ಮಾತಾಡೂದಿಲ್ಲ ಬಿಂದೂರಾವ," ಎಂದರು. "ಇನ್ನೊಮ್ಮೆ ಸುಡಬೇಕಾಕ್ಕೈತಿ. ಒಪ್ಪಿಗಿ ಐತೇನು?"

ಸಾವಂತ್ರವ್ವ ತಡಮಾಡಲಿಲ್ಲ. "ಬೆಂಕ್ಯಾಗ ಬಾಳೇವು ಮಾಡಿದಾಂವ್ರಿ. ಇನ್ನೊಂದ ಸಲ ಅಂದ್ರ ಕುಣೀತಾನ."

ಅಪ್ಪ ಭಟ್ಟರತ್ತ ತಿರುಗಿದರು. ನಾನು, "ಅಜ್ಜಿ ಆಗಲೇ ಒಪ್ಯಾಳ, ಅಪ್ಪಾ. ತನ್ನ ಬಣ್ಣ ಯಾವುದಂತ ಆಕೀನ ಕೇಳಿದ್ದಳಲ್ಲ," ಎಂದೆ.

ಸಂಜೆಯೊಳಗೆ ಪಿಂಡ ಮುಗಿಯಬೇಕಿತ್ತು. ಮಾಸ್ತರರು ಅವಸರದಲ್ಲೇ ಕಿಟಕಿಗಳಿಗೆ ಕಂಬಳಿ ಎಳೆದರು. ಭಟ್ಟರು ಬಾಗಿಲ ಹೊರಗೆ ನಿಂತರು. ಅಪ್ಪ, ಸಾವಂತ್ರವ್ವ, ನಾನು ಒಳಗೆ. ಮಾಸ್ತರರು ಕೈ ತೊಳೆದರು, ಮತ್ತೆ ತೊಳೆದರು. ಪ್ಲಾಟಿನಂ ತಂತಿಯನ್ನು ಆಮ್ಲದಲ್ಲಿ ಅದ್ದಿ ಉರಿಗೆ ಹಿಡಿದು, ಮತ್ತೆ ಅದ್ದಿ, ಜ್ವಾಲೆಯಲ್ಲಿ ಯಾವ ಬಣ್ಣವೂ ಏಳದ ತನಕ ಬಿಡಲಿಲ್ಲ. ಬಾಗಿಲ ಸಂದಿಯಿಂದ ಇಣುಕಿದ ಭಟ್ಟರು, "ನಮ್ಮ ಮಡಿ ಇದರ ಮುಂದ ಏನೂ ಅಲ್ಲ," ಎಂದು ಗೊಣಗಿದ್ದು ಕೇಳಿಸಿತು.

ಮೊದಲ ಗಡಿಗೆಯ ಬಟ್ಟೆ ಬಿಚ್ಚಿ, ತಂತಿಯ ತುದಿಗೆ ಸಾಸಿವೆಯಷ್ಟು ಬೂದಿ ಹತ್ತಿಸಿ, ಜ್ವಾಲೆಗೆ ಹಿಡಿದರು. ನೀಲಿ ನಡುಗಿತು. ಇಟ್ಟಿಗೆಯ ಕೆಂಪು ಎದ್ದಿತು, ಅದು ಎಲುಬಿನ ಸುಣ್ಣ. ಅದರ ಹಿಂದೆಯೇ, ಕರೆಯದೆ ಬಂದಂತೆ, ಬೇರೊಂದು ಕೆಂಪು, ಕಡುಗೆಂಪು. ಮಾಸ್ತರರು ನಳಿಗೆಗೆ ಕಣ್ಣು ಹಚ್ಚಿ ಮಿಸುಕದೆ ಕೂತರು. ಆಮೇಲೆ ಸರಿದು ನನ್ನನ್ನು ಕರೆದರು. ಒಳಗೆ ನೋಡಿದರೆ ನಡುವಿನಲ್ಲಿ ಉಜ್ಜ್ವಲವಾದ ಹಳದಿ ಗೆರೆ.

"ಅದನ್ನ ಬಿಡು. ಅದು ಎಲ್ಲಾರ ಮನ್ಯಾಗೂ ಇರೂದು. ಆ ಕಡೀಕ ನೋಡು, ದೂರ."

ಕೆಂಪು ಗೆರೆಗಳನ್ನೆಲ್ಲ ದಾಟಿ, ಕತ್ತಲೆಯ ಆಚೆ ತುದಿಯಲ್ಲಿ, ಒಂದೇ ಒಂದು ನೀಲಿ ಗೆರೆ ನಿಂತಿತ್ತು. ಉದ್ದನೆಯ ಪಡಸಾಲೆಯ ಕೊನೆಯ ಬಾಗಿಲಲ್ಲಿ ಯಾರೋ ಬಂದು ನಿಂತು ಒಳಗೆ ಬರಲೋ ಬೇಡವೋ ಎಂದು ನೋಡುವಂತೆ. ಸ್ಟ್ರಾನ್ಷಿಯಂ ಸುಣ್ಣದ ಒಡಹುಟ್ಟು. ಜೀವಮಾನವಿಡೀ ಉಸಿರಿನಲ್ಲಿ ಒಳಹೊಕ್ಕರೆ ಎಲುಬಿನಲ್ಲಿ ಸುಣ್ಣದ ಪಕ್ಕದಲ್ಲೇ ಮನೆ ಮಾಡುತ್ತದೆ ಎಂಬುದನ್ನು ಮಾಸ್ತರರು ನನಗೆ ಆಮೇಲೆ ಹೇಳಿದರು. ಆಗ ಹೇಳಿದ್ದು ಒಂದೇ ಶಬ್ದ, ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ: "ಧೋಂಡಿಬಾ. ಕಂಡಷ್ಟು ಹೇಳಿದೆ."

ಸಾವಂತ್ರವ್ವ ಬರಿಗಣ್ಣಿನಲ್ಲೇ ಜ್ವಾಲೆಯನ್ನು ನೋಡುತ್ತಿದ್ದಳು. ಆ ದಸರೆಯ ಕೆಂಪು ಅವಳ ಮುಖದ ಮೇಲೆ ಬಿದ್ದಿತ್ತು. ಅವಳು ಎದ್ದು ನಿಂತಳು. ಗಂಡ ಮನೆಯೊಳಗೆ ಬಂದಾಗ ಹೆಂಗಸರು ಮಾಡುವಂತೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಎರಡನೆಯ ಗಡಿಗೆ ಅಜ್ಜಿಯದೆಂದು ಲೆಕ್ಕದಿಂದಲೇ ಸಿದ್ಧವಾಗಿತ್ತು. ಕಳೆದು ಉಳಿದದ್ದೇ ಶೇಷ, ನಮ್ಮ ಅಜ್ಜಿ ಅವಶೇಷದಲ್ಲೂ ಶೇಷವಾದವಳು. ಆದರೆ ಮಾಸ್ತರರು ನೋಡದೆ ಒಪ್ಪುವವರಲ್ಲ. ತಂತಿ ಮತ್ತೆ ಶುದ್ಧವಾಯಿತು, ಮತ್ತೆ ಸಾಸಿವೆಯಷ್ಟು ಬೂದಿ. ಈ ಸಲ ಕೋಣೆಯೆಲ್ಲ ಹಳದಿಯಾಯಿತು. ಆ ಬೆಳಕಿನಲ್ಲಿ ಬೇರೆ ಯಾವ ಬಣ್ಣಕ್ಕೂ ಎಡೆಯಿಲ್ಲ: ಅಪ್ಪನ ಮುಖ ಅರಿಸಿನ ಹಚ್ಚಿದ ಹೆಣದಂತಾಯಿತು, ತುಟಿಗಳು ಕಪ್ಪಾದವು, ಗೋಡೆಯ ಕನ್ನಡಿಯಲ್ಲಿ ನನ್ನ ಹಣೆಯ ಕುಂಕುಮ ಇದ್ದಿಲಿನ ಚುಕ್ಕೆಯಾಗಿ ಕಂಡಿತು. ಯಾರೋ ನಮ್ಮೆಲ್ಲರ ಮುಖಕ್ಕೂ ಸಾವಕಾಶವಾಗಿ ಅರಿಸಿನ ಸವರಿ ಹೋದಂತಿತ್ತು. ಮಾಸ್ತರರು ನಳಿಗೆಗೆ ಬಾಗಿದರು. ಬಾಗಿದ್ದೇ ತಡ, ಜ್ವಾಲೆ ಕುಗ್ಗಿ, ಬತ್ತಿಯ ತುದಿಯಲ್ಲಿ ಒಂದು ಕಣವಾಗಿ, ಆರಿತು.

ಕತ್ತಲೆ. ಹೊರಗೆ ಹೊಳೆಯ ಸದ್ದು. ಎಷ್ಟೋ ಹೊತ್ತಾದ ಮೇಲೆ ಅಪ್ಪ, ಹತ್ತು ವರ್ಷದ ಹುಡುಗನ ದನಿಯಲ್ಲಿ, "ಅವ್ವಾ," ಅಂದರು. ಉತ್ತರ ಬರಲಿಲ್ಲ ಎಂದು ನಾನು ಹೇಳಬಲ್ಲೆ. ಉತ್ತರಕ್ಕೆ ಕಾಯಲಿಲ್ಲ ಎಂದು ಹೇಳಲಾರೆ. ಭಟ್ಟರು ಹೊರಗಿನಿಂದ "ಆತೇನ್ರಿ?" ಎಂದು ಕೇಳಿದಾಗ ಸಾವಂತ್ರವ್ವ ತಡವಿ ಹೋಗಿ ಕಂಬಳಿ ಸರಿಸಿದಳು.

ಮಾಸ್ತರರು ಹಾಗೆಯೇ ಇದ್ದರು. ಆರಿದ ದೀಪದ ಮುಂದೆ, ಬಾಗಿದವರು ಬಾಗಿದಂತೆ, ಕಣ್ಣು ನಳಿಗೆಗೆ ಹಚ್ಚಿಯೇ ಇತ್ತು. ಬೆಳಕಿಲ್ಲದ ಕಡೆ ನಟ್ಟ ಕಣ್ಣು, ರೆಪ್ಪೆ ಅಲುಗದ ಕಣ್ಣು. ಅಪ್ಪನ ಕೈಗಳು ತಾವಾಗಿಯೇ ಮುಗಿದುಕೊಂಡವು. ಬಹಳ ನಿಧಾನವಾಗಿ, ನೀರಿನೊಳಗಿಂದ ಏಳುವವರಂತೆ ಮಾಸ್ತರರು ಎದ್ದರು. ಹಣೆಯಲ್ಲಿ ಬೆವರಿತ್ತು. "ತಗೊಂಡ ಹೋಗ್ರಿ. ಇದು ನಿಮ್ಮದು," ಎಂದರು.

'ಕಂಡಷ್ಟು ಹೇಳಿದೆ' ಎನ್ನಲಿಲ್ಲ. ನಾನು ಕಾದೆ, ಎನ್ನಲಿಲ್ಲ.

ಘಾಟಿಗೆ ಮರಳಿದಾಗ, ಸಾವಂತ್ರವ್ವನ ಪಿಂಡವನ್ನು ಅವಳು ಕೂರುವ ಮೊದಲೇ ಕಾಗೆ ಮುಟ್ಟಿತು. ನಮ್ಮದನ್ನು ಭಟ್ಟರ ಮಂತ್ರದ ನಡುವೆ. ಮಧ್ಯಾಹ್ನದ ಹಸಿವು ಕಾಗೆಗಳಿಗೂ ಇರುತ್ತದೆ. ಕಾಕತಾಳೀಯವೆಂಬ ಶಬ್ದದಲ್ಲಿ ಕಾಗೆಗೆ ಮೊದಲ ಸ್ಥಾನ ಸುಮ್ಮನೆ ಸಿಕ್ಕಿಲ್ಲ. ಮರುದಿನ ಒಂದೇ ಮೋಟಾರಿನಲ್ಲಿ ನರಸೋಬಾವಾಡಿಗೆ ಹೋದೆವು. ದಾರಿಯುದ್ದಕ್ಕೂ ಸಾವಂತ್ರವ್ವ ಉಡಿಯ ಗಡಿಗೆಯೊಂದಿಗೆ ಮಾತಾಡಿದಳು, ಜಗಳವಾಡಿದಳು, ಒಮ್ಮೆ ನಕ್ಕಳು. ಅಪ್ಪ ತಮ್ಮ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಏನು ಮಾತಾಡಬೇಕೆಂದು ತಿಳಿಯದೆ ಕೂತಿದ್ದರು.

ಆ ದಿನದ ನಂತರ ಮಾಸ್ತರರ ಕತ್ತು ಮೊದಲಿಗಿಂತ ಹೆಚ್ಚು ವಾಲಿತು. ಅವರು ಆಚೆ ದಂಡೆಗೆ ಹೋಗುವುದನ್ನು ಬಿಟ್ಟರು. ದೀಪ ಆರಿದ ಮೇಲೂ ಅವರಿಗೆ ಕೃಷ್ಣಾಬಾಯಿ ಕಂಡಳು, ಏನೋ ಹೇಳಿದಳು, ಅದನ್ನು ಕೇಳಲು ಬಾಗಿದ ಕತ್ತು ಮರಳಿ ನೆಟ್ಟಗಾಗಲಿಲ್ಲ ಎಂದು ಊರು ತೀರ್ಮಾನಿಸಿತು. ಅಪ್ಪ ಸಾಯುವ ತನಕ ಅದನ್ನೇ ನಂಬಿದ್ದರು. ಆ ನಂಬಿಕೆಯಿಂದಲೇ ಅವರು ಕೊನೆಗಾಲದಲ್ಲಿ ಕತ್ತಲೆಗೆ ಹೆದರಲಿಲ್ಲ. ನಾನೂ, ನಗುವುದೇ ಕಸುಬಾದವಳು, ಅದೊಂದನ್ನು ನಗಲಾರದೆ ಇಟ್ಟುಕೊಂಡಿದ್ದೆ.

ಸಂಸ್ಥಾನಗಳು ಕರಗುವ ಮಾತು ಊರಲ್ಲಿ ಹಬ್ಬಿದ್ದ ವರ್ಷ, ಸಾಂಗ್ಲಿಗೆ ಹೋದಾಗ ಅವರನ್ನು ಕಂಡೆ. ಕಣ್ಣಿಗೆ ಪೊರೆ ಬಂದಿತ್ತು. ನಳಿಗೆ ಅದೇ ಉಪರಣೆಯ ಸುಟ್ಟ ತುಂಡಿನಲ್ಲಿ ಸುತ್ತಿಕೊಂಡು ಗೂಡಿನಲ್ಲಿ ಕೂತಿತ್ತು. ಇಂಥವರ ಕುಲ ದೊಡ್ಡದಲ್ಲ, ಆದರೆ ಪ್ರತಿ ಊರಿಗೂ ಒಬ್ಬರಿರುತ್ತಾರೆ: ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚು ಹೇಳದವರು. ಅವರು ಬಿಟ್ಟ ಜಾಗವನ್ನು ನಾವು ಖಾಲಿ ಬಿಡುವುದಿಲ್ಲ. ನಮ್ಮ ಭಯ, ನಮ್ಮ ಆಸೆ, ನಮ್ಮ ಸತ್ತವರನ್ನು ತಂದು ಅಲ್ಲಿ ಕೂರಿಸುತ್ತೇವೆ. ಚಪ್ಪಾಳೆ ನಮ್ಮದು, ಉಪ್ಪು ನಮ್ಮದು. ಹಳದಿ ಮಾತ್ರ ಅವರ ಜ್ವಾಲೆಯಲ್ಲಿ ಕಾಣುತ್ತದೆ. ಅವರು ಅದನ್ನು ಅಲ್ಲಗಳೆಯುವುದಿಲ್ಲ, ಯಾಕೆಂದರೆ ಯಾರೂ ಅವರನ್ನು ಕೇಳುವುದೇ ಇಲ್ಲ.

ನಾನು ಕೇಳಿದೆ. ಎಡಬದಿಗೆ ಹೋಗಿ ಕೂತು, ದನಿ ತಗ್ಗಿಸಿ, "ಪಾರಿಸಕಾಕಾ, ಅವತ್ತ ದೀಪ ಆರಿದ ಮ್ಯಾಲೆ ಅಷ್ಟ ಹೊತ್ತು ನಳಿಗ್ಯಾಗ ಏನ ನೋಡ್ಲಿಕ್ಕೆ ಹತ್ತಿದ್ರಿ?" ಎಂದೆ.

ಮಾಸ್ತರರು ಪೊರೆಗಣ್ಣನ್ನು ನನ್ನ ಕಡೆ ಹೊರಳಿಸಿದರು.

"ಏನೂ ನೋಡ್ಲಿಲ್ಲವ್ವಾ," ಎಂದರು. "ಕುತ್ತಿಗಿ ಹಿಡಕೊಂಡಿತ್ತು. ಎತ್ತಾಕ ಬರವಲ್ದಾಗಿತ್ತು."